ನವೀಕರಿಸಿದ ಹಳೆಯ ಮನೆಯನ್ನು ಎಷ್ಟಕ್ಕೆ ಕೇಳುವುದು?

ಮೈಸೂರಿನ ಕುವೆಂಪುನಗರದಲ್ಲಿ 30×40 ಅಡಿ ನಿವೇಶನದ ಮೇಲಿದ್ದ ಆ ಮನೆಗೆ ಮಾರುವವರು ಹೇಳಿದ ಬೆಲೆ 1 ಕೋಟಿ 55 ಲಕ್ಷ ರೂಪಾಯಿ. ಮನೆ ಕಟ್ಟಿದ್ದು 1987ರಲ್ಲಾದರೂ ಒಳಗೆ ಹೋದರೆ ಈಗಷ್ಟೇ ಗೃಹಪ್ರವೇಶ ಮುಗಿದಂತೆ ಕಾಣುತ್ತಿತ್ತು. ಹಾಲ್‌ನಲ್ಲಿ ಹೊಳೆಯುವ ವಿಟ್ರಿಫೈಡ್ ಟೈಲ್ಸ್, ಫಾಲ್ಸ್ ಸೀಲಿಂಗ್‌ನ ಅಂಚಿನುದ್ದಕ್ಕೂ ಬೆಳಕಿನ ಪಟ್ಟಿ, ಮಾಡ್ಯುಲರ್ ಅಡುಗೆಮನೆ, ಹೊಸ ಬಣ್ಣ, ಮುಂಭಾಗದ ಗೋಡೆಗೆ ಅಂಟಿಸಿದ ಕಲ್ಲಿನ ಹಲಗೆಗಳು. ಮಾರುವವರು ಅಲ್ಲಿ ವಾಸವಿದ್ದವರಲ್ಲ. ಹಳೆಯ ಮನೆಗಳನ್ನು ಕೊಂಡು, ರಿಪೇರಿ ಮಾಡಿಸಿ ಮಾರುವುದನ್ನೇ ವ್ಯವಹಾರ ಮಾಡಿಕೊಂಡವರು. ಅದರಲ್ಲಿ ತಪ್ಪೇನೂ ಇಲ್ಲ. ಹಳೆಯ ಬಡಾವಣೆಗಳಲ್ಲಿ ಖಾಲಿ ನಿವೇಶನ ಸಿಗುವುದೇ ಅಪರೂಪವಾಗಿರುವಾಗ, ಬೀಗ ಹಾಕಿಕೊಂಡಿದ್ದ ಮನೆಗೆ ಮತ್ತೆ ದೀಪ ಹಚ್ಚುವ ಕೆಲಸವನ್ನು ಯಾರಾದರೂ ಮಾಡಲೇಬೇಕು. ಆದರೆ ಇಂಥ ಮನೆಯನ್ನು ಎಷ್ಟಕ್ಕೆ ಕೇಳಬೇಕು ಎಂಬ ಪ್ರಶ್ನೆ ಖಾಲಿ ನಿವೇಶನದ ಬೆಲೆಗಿಂತಲೂ, ಹೊಸದಾಗಿ ಕಟ್ಟಿದ ಮನೆಯ ಬೆಲೆಗಿಂತಲೂ ಕಠಿಣವಾದದ್ದು. ಅಲ್ಲಿ ನಾವು ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ವಸ್ತುಗಳನ್ನು ಕೊಳ್ಳುತ್ತಿರುತ್ತೇವೆ: ನೆಲ, ಅದರ ಮೇಲೆ ನಿಂತಿರುವ ಹಳೆಯ ಕಟ್ಟಡದ ಉಳಿದ ಆಯಸ್ಸು, ಮತ್ತು ಆ ಕಟ್ಟಡಕ್ಕೆ ಇನ್ನೊಬ್ಬರು ತಮ್ಮ ಅಭಿರುಚಿಯಂತೆ ಮಾಡಿಸಿದ ಕೆಲಸ.

ಮಧ್ಯವರ್ತಿಯ ಸಲಹೆ ಸರಳವಾಗಿತ್ತು. "ಸಾರ್, ಒಂದು ಐವತ್ತೈದು ಹೇಳಿದಾರೆ, ನೀವು ಒಂದು ನಲವತ್ತೈದಕ್ಕೆ ಕೇಳಿ, ಒಂದು ಐವತ್ತಕ್ಕೆ ಮುಗಿಸಿಕೊಡ್ತೀನಿ" ಎಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಹೇಳಿದ ಬೆಲೆಯಿಂದ ಹತ್ತು ಲಕ್ಷ ಇಳಿಸಿ ಕೇಳುವುದೆಂದರೆ, ಆ ಹೇಳಿದ ಬೆಲೆ ಎಲ್ಲಿಂದ ಬಂತು ಎಂದು ಕೇಳದೆಯೇ ಅದನ್ನು ಒಪ್ಪಿಕೊಂಡಂತೆ. ನಾನೂ ನನ್ನ ಪತ್ನಿಯೂ ಕೂತು ಮಾತನಾಡಿ, ನಮ್ಮ ಲೆಕ್ಕವನ್ನು ನೆಲದಿಂದ ಮೇಲಕ್ಕೆ ನಾವೇ ಕಟ್ಟಿಕೊಳ್ಳಬೇಕು, ಅದು ಮುಗಿಯುವ ತನಕ ಯಾವ ಅಂಕಿಯನ್ನೂ ಬಾಯಿಬಿಟ್ಟು ಹೇಳಬಾರದು ಎಂದು ನಿಶ್ಚಯಿಸಿದೆವು.

ಮೊದಲು ದಾಖಲೆಗಳು. ಇ.ಸಿ. ಎಂದು ಎಲ್ಲರೂ ಕರೆಯುವ ಋಣಭಾರ ಪ್ರಮಾಣಪತ್ರವನ್ನು ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶದಲ್ಲಿ ಪಡೆದೆವು. 2004ಕ್ಕಿಂತ ಹಿಂದಿನ ಅವಧಿಯ ವಿವರವನ್ನು ಉಪನೋಂದಣಾಧಿಕಾರಿಗಳ ಕಚೇರಿಯ ಹಳೆಯ ಪುಸ್ತಕಗಳಿಂದ ತೆಗೆಸಬೇಕಾಯಿತು. ಹಕ್ಕಿನ ಸರಪಳಿ ಚೊಕ್ಕವಾಗಿಯೇ ಇತ್ತು: ನಿವೇಶನ ಹಂಚಿಕೆಯಾದ ಮೂಲ ಕುಟುಂಬ, ಅವರ ಮಕ್ಕಳು, ಅವರಿಂದ ಈಗಿನ ಮಾರಾಟಗಾರರು. ಬೆಲೆಯ ದೃಷ್ಟಿಯಿಂದ ನನಗೆ ಮುಖ್ಯವಾಗಿ ಕಂಡದ್ದು ಕೊನೆಯ ನಮೂದು. ಈಗಿನವರು ಒಂದು ವರ್ಷಕ್ಕಿಂತ ಸ್ವಲ್ಪ ಹಿಂದೆ ಅದೇ ಆಸ್ತಿಯನ್ನು 92 ಲಕ್ಷ ರೂಪಾಯಿಗೆ ಕ್ರಯಕ್ಕೆ ಪಡೆದಿದ್ದರು. ಸ್ಥಿರಾಸ್ತಿಯ ನೋಂದಾಯಿತ ಕ್ರಯಪತ್ರಗಳು ಸಾರ್ವಜನಿಕ ದಾಖಲೆ. ನೋಂದಣಿ ಕಾಯ್ದೆಯ 57ನೇ ಕಲಮಿನ ಪ್ರಕಾರ ಶುಲ್ಕ ಕಟ್ಟಿ ಯಾರು ಬೇಕಾದರೂ ಅವುಗಳ ದೃಢೀಕೃತ ನಕಲು ಪಡೆಯಬಹುದು. ಮನೆ ಕೊಳ್ಳುವ ಎಷ್ಟೋ ಜನ ಇ.ಸಿ.ಯನ್ನು ಸಾಲವಿದೆಯೇ ಇಲ್ಲವೇ ಎಂದು ನೋಡುವುದಕ್ಕೆ ಮಾತ್ರ ಬಳಸುತ್ತಾರೆ. ಅದರಲ್ಲೇ ಹಿಂದಿನ ವ್ಯವಹಾರದ ಮೊತ್ತವೂ ಇರುತ್ತದೆ, ಅದನ್ನು ಓದಬೇಕು.

ಹಾಗೆಂದು ಆ 92 ಲಕ್ಷವನ್ನೇ ಹಿಡಿದು ಜಗ್ಗುವುದೂ ಸರಿಯಲ್ಲ. ಕ್ರಯಪತ್ರದಲ್ಲಿ ಬರೆದಷ್ಟೇ ಕೈಬದಲಾಯಿತೆಂದು ಹೊರಗಿನವರು ಹೇಳಲಾಗದು. ಮೂಲ ಕುಟುಂಬದ ಮಕ್ಕಳು ವಿದೇಶದಲ್ಲಿದ್ದು, ರಜೆಗೆ ಬಂದಾಗಲೇ ವ್ಯವಹಾರ ಮುಗಿಸಿ ಹೋಗಬೇಕೆಂದು ಅವಸರಿಸಿದ್ದರೆಂದು ಎದುರು ಮನೆಯ ಹಿರಿಯರು ಹೇಳಿದರು. ಆಗ ಮನೆ ಸೋರುತ್ತಿತ್ತು ಎಂಬ ಮಾತೂ ಅವರಿಂದಲೇ ಬಂತು, ಮತ್ತು ನನ್ನ ಕಿವಿ ನೆಟ್ಟಗಾದದ್ದು ಆ ಮಾತಿಗೆ. ಕೊಂಡ ಬೆಲೆ ಮಾರುವವರ ಪರಿಸ್ಥಿತಿಯನ್ನು ತಿಳಿಸುತ್ತದೆ, ಮನೆಯ ಯೋಗ್ಯತೆಯನ್ನಲ್ಲ. ಅವರು ಎಷ್ಟರವರೆಗೆ ಇಳಿಯಬಲ್ಲರೆಂದು ಅಂದಾಜಿಸುವುದಕ್ಕೆ ಅದನ್ನು ಇಟ್ಟುಕೊಂಡೆವು, ಎಷ್ಟು ಕೇಳಬೇಕೆಂಬುದಕ್ಕಲ್ಲ.

ನೆಲದ ಬೆಲೆಗೆ ಮೂರು ಕಡೆಯಿಂದ ವಿಚಾರಿಸಿದೆವು. ಸರ್ಕಾರದ ಮಾರ್ಗಸೂಚಿ ದರ ಮಾರುಕಟ್ಟೆಗಿಂತ ಸಾಕಷ್ಟು ಕೆಳಗಿತ್ತು. ಅದಕ್ಕಿಂತ ಕಡಿಮೆಗೆ ನೋಂದಣಿಯ ಶುಲ್ಕ ಲೆಕ್ಕ ಹಾಕುವುದಿಲ್ಲವಾದ್ದರಿಂದ ಅದೊಂದು ತಳಮಟ್ಟ ಅಷ್ಟೆ. ಮಧ್ಯವರ್ತಿಗಳು "ಅಡಿಗೆ ಹನ್ನೊಂದು ಸಾವಿರ ನಡೀತಿದೆ" ಎನ್ನುತ್ತಿದ್ದರು, ಆದರೆ ಅದು ಕೇಳುವ ಬೆಲೆ. ಪಕ್ಕದ ಅಡ್ಡರಸ್ತೆಗಳಲ್ಲಿ ಇತ್ತೀಚೆಗೆ ನಿಜವಾಗಿ ಕೈಬದಲಾದ ಹಳೆಯ ಮನೆಗಳ ಬಗ್ಗೆ ವಿಚಾರಿಸಿ, ಕೊಂಡವರನ್ನೇ ಭೇಟಿ ಮಾಡಿ, ಅವರು ಹೇಳಿದ ಮೊತ್ತದಿಂದ ಹಳೆಯ ಕಟ್ಟಡಕ್ಕೆ ಸಲ್ಲಬೇಕಾದುದನ್ನು ಕಳೆದು ನೋಡಿದಾಗ ನೆಲಕ್ಕೆ ಅಡಿಗೆ 8,700ರಿಂದ 9,300ರವರೆಗೆ ಬೀಳುತ್ತಿತ್ತು. ನೆರೆಹೊರೆಯವರು ಇಂಥ ವಿಷಯ ಹೇಳುವುದಿಲ್ಲವೆಂಬ ಅಂಜಿಕೆ ಬೇಡ. ವಿನಯದಿಂದ, ಏಕೆ ಕೇಳುತ್ತಿದ್ದೇವೆಂದು ತಿಳಿಸಿ ಕೇಳಿದರೆ ಹೆಚ್ಚಿನವರು ಕಾಫಿ ಕೊಟ್ಟು ಹೇಳುತ್ತಾರೆ. ನಾವು 9,000 ಇಟ್ಟುಕೊಂಡೆವು. 1,200 ಚದರಡಿಗೆ 1 ಕೋಟಿ 8 ಲಕ್ಷ.

ಕಟ್ಟಡದ ವಿಷಯದಲ್ಲಿ ಮೊದಲ ತೊಡಕು ವಿಸ್ತೀರ್ಣದಲ್ಲೇ ಕಾಣಿಸಿಕೊಂಡಿತು. ಮಾರುವವರು 15 ಚದರದ (ಒಂದು ಚದರವೆಂದರೆ 100 ಚದರಡಿ) ಮನೆ ಎನ್ನುತ್ತಿದ್ದರು. ಕೆಳಗೆ 9 ಚದರ, ಮೇಲೆ 6. ಮಂಜೂರಾದ ನಕ್ಷೆಯನ್ನು ಕೇಳಿ ತರಿಸಿ ಟೇಪು ಹಿಡಿದು ಅಳೆದಾಗ ಮೇಲಿನ ಮಹಡಿಗೆ ಮಂಜೂರಾತಿ ಇದ್ದದ್ದು 4 ಚದರಕ್ಕೆ ಮಾತ್ರ ಎಂದು ತಿಳಿಯಿತು. ಉಳಿದ ಎರಡು ಚದರ, ತೆರೆದ ತಾರಸಿಯ ಒಂದು ಭಾಗಕ್ಕೆ ಈಚೆಗೆ ಇಟ್ಟಿಗೆ ಗೋಡೆ ಎಬ್ಬಿಸಿ ಮೇಲೆ ಶೀಟು ಹೊದಿಸಿ, ಒಳಗಿನಿಂದ ಫಾಲ್ಸ್ ಸೀಲಿಂಗ್ ಹೊಡೆದು "ಹೋಂ ಆಫೀಸ್" ಎಂದು ಹೆಸರಿಟ್ಟ ಕೋಣೆ. ಸ್ಥಳೀಯ ಸಂಸ್ಥೆಯ ಡಿಜಿಟಲ್ ಆಸ್ತಿ ದಾಖಲೆಯಾದ ಇ-ಖಾತೆಯಲ್ಲಿ ನಮೂದಾಗಿದ್ದ ವಿಸ್ತೀರ್ಣವೂ 13 ಚದರಕ್ಕೇ ಹೊಂದುತ್ತಿತ್ತು. ನಗರದ ಆಸ್ತಿಗಳ ನೋಂದಣಿಗೆ ಈಗ ಇ-ಖಾತೆ ಕಡ್ಡಾಯವಾದ್ದರಿಂದ ಈ ತಾಳೆ ನೋಡುವುದು ಸುಲಭವಾಗಿದೆ. ಬ್ಯಾಂಕಿನ ಮೌಲ್ಯಮಾಪಕರು ನಕ್ಷೆಯಲ್ಲಿಲ್ಲದ ಭಾಗಕ್ಕೆ ಒಂದು ಪೈಸೆಯನ್ನೂ ಲೆಕ್ಕ ಹಿಡಿಯುವುದಿಲ್ಲ ಎಂಬುದು ಗೊತ್ತಿದ್ದರಿಂದ ನಾವೂ ಹಿಡಿಯಲಿಲ್ಲ.

ಆಮೇಲೆ ಆಯಸ್ಸಿನ ಲೆಕ್ಕ. ನನ್ನ ಪತ್ನಿಯ ಅಣ್ಣ ಸಿವಿಲ್ ಇಂಜಿನಿಯರ್ ಆಗಿದ್ದು ನಿವೃತ್ತರಾದವರು. ಅವರು ತೋರಿಸಿಕೊಟ್ಟ ಕ್ರಮ ಮೌಲ್ಯಮಾಪಕರು ಸಾಮಾನ್ಯವಾಗಿ ಅನುಸರಿಸುವುದೇ: ಇಂದು ಅದೇ ಕಟ್ಟಡವನ್ನು ಕಟ್ಟಲು ಏನು ಖರ್ಚಾಗುತ್ತದೆ ಎಂದು ಹಿಡಿದು, ಸವೆದ ವರ್ಷಗಳ ಪಾಲನ್ನು ಅದರಿಂದ ಕಳೆಯುವುದು. ಇಟ್ಟಿಗೆ ಗೋಡೆಯೇ ಭಾರ ಹೊರುವ, ಆರ್‌ಸಿಸಿ ಮೋಲ್ಡು, ಎಂದರೆ ಕಂಬಿ ಹಾಕಿದ ಕಾಂಕ್ರೀಟ್ ಛಾವಣಿ, ಇರುವ ಅಂಥ ಮನೆಗೆ 60 ವರ್ಷದ ಬಾಳಿಕೆ, ಕೊನೆಯಲ್ಲಿ ಶೇ. 10ರಷ್ಟು ಉಳಿಕೆ ಮೌಲ್ಯ ಎಂದು ಹಿಡಿದರು. ಸಾಧಾರಣ ಗುಣಮಟ್ಟದ ಕಟ್ಟಡಕ್ಕೆ ನಮ್ಮ ಪರಿಚಯದ ಗುತ್ತಿಗೆದಾರರು ಚದರಕ್ಕೆ 2 ಲಕ್ಷ 20 ಸಾವಿರ ಹೇಳಿದರು; ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದದ್ದನ್ನೂ ಅವರು ಲೆಕ್ಕಕ್ಕೆ ತಂದುಕೊಂಡಿದ್ದರು. 13 ಚದರಕ್ಕೆ 28 ಲಕ್ಷ 60 ಸಾವಿರ. 38 ವರ್ಷದ ಸವಕಳಿ ಶೇ. 57. ಉಳಿದದ್ದು 12 ಲಕ್ಷ 30 ಸಾವಿರ. ಮೇಲಿನ ಮಹಡಿಯನ್ನು ಕೆಲವು ವರ್ಷ ತಡವಾಗಿ ಕಟ್ಟಿದ್ದರಲ್ಲ, ಅದಕ್ಕೆ ಕಡಿಮೆ ಸವಕಳಿ ಹಿಡಿಯಬೇಡವೇ ಎಂದು ಕೇಳಿದೆ. "ಅದು ನಿಂತಿರೋದು ಅದೇ ಪಾಯದ ಮೇಲೆ ಅಲ್ವೇನಪ್ಪಾ, ಕೆಳಗಿನದಕ್ಕೆ ಎಷ್ಟು ಆಯಸ್ಸೋ ಮೇಲಿನದಕ್ಕೂ ಅಷ್ಟೇ" ಎಂದರು ಭಾವ. ಆ ಮಾತು ಸರಿಯೆನಿಸಿತು.

ಈ 12 ಲಕ್ಷ 30 ಸಾವಿರ ಕಟ್ಟಡ ಆರೋಗ್ಯವಾಗಿದೆ ಎಂಬ ನಂಬಿಕೆಯ ಮೇಲೆ ನಿಂತ ಅಂಕಿ. ಅದನ್ನು ಪರೀಕ್ಷಿಸುವುದೇ ನವೀಕರಿಸಿದ ಮನೆಯಲ್ಲಿ ಅತಿ ಕಷ್ಟದ ಕೆಲಸ. ರಿಪೇರಿಯಾಗದ ಹಳೆಯ ಮನೆ ತನ್ನ ಕಾಯಿಲೆಗಳನ್ನು ತಾನೇ ತೋರಿಸಿಕೊಳ್ಳುತ್ತದೆ: ಗೋಡೆಯ ಬುಡದಲ್ಲಿ ಉಪ್ಪು ಬಿಟ್ಟಿರುತ್ತದೆ, ಮೋಲ್ಡಿನ ಅಡಿಯಲ್ಲಿ ಕಂದು ಕಲೆ ಕಾಣುತ್ತದೆ, ಬಾಗಿಲ ಚೌಕಟ್ಟಿನಲ್ಲಿ ಗೆದ್ದಲಿನ ಮಣ್ಣು ಇರುತ್ತದೆ. ಹೊಸ ಬಣ್ಣ ಇವೆಲ್ಲವನ್ನೂ ಒಂದೇ ವಾರದಲ್ಲಿ ಮುಚ್ಚಬಲ್ಲದು. ಮುಚ್ಚುವ ಉದ್ದೇಶದಿಂದಲೇ ಬಣ್ಣ ಬಳಿಯುತ್ತಾರೆಂದು ನಾನು ಹೇಳುತ್ತಿಲ್ಲ. ಒಳ್ಳೆಯ ಉದ್ದೇಶದಿಂದ ಬಳಿದ ಬಣ್ಣವೂ ಕಲೆಯನ್ನು ಮುಚ್ಚುತ್ತದೆ, ಕೊಳ್ಳುವವನಿಗೆ ಕಾಣದೇ ಹೋಗುವುದು ಎರಡರಲ್ಲೂ ಒಂದೇ.

ಅಕ್ಟೋಬರ್‌ನಲ್ಲಿ ಹಿಂಗಾರು ಮಳೆ ಬಿದ್ದ ಮರುದಿನ ಬೆಳಗ್ಗೆ ಭಾವನವರನ್ನೂ ಒಬ್ಬ ಹಿರಿಯ ಗಾರೆ ಮೇಸ್ತ್ರಿಯನ್ನೂ ಕರೆದುಕೊಂಡು ಹೋದೆವು. ಮೇಸ್ತ್ರಿ ಮಾತು ಕಡಿಮೆ. ಕೈಯಲ್ಲಿ ಒಂದು ನಾಣ್ಯ ಹಿಡಿದು ಟೈಲ್ಸನ್ನು ಮೂಲೆಯಿಂದ ಮೂಲೆಗೆ ತಟ್ಟುತ್ತಾ ಹೋದರು. ಹಾಲ್‌ನಲ್ಲಿ ಗಟ್ಟಿ ಸದ್ದು ಬಂತು. ಕೆಳಗಿನ ಮಲಗುವ ಕೋಣೆಯ ಒಂದು ಬದಿಯಲ್ಲಿ ಟೊಳ್ಳು ಸದ್ದು. ಬಾಗಿಲುಗಳ ಕೆಳಅಂಚನ್ನು ಈಚೆಗೆ ಉಜ್ಜಿ ಗಿಡ್ಡ ಮಾಡಿದ್ದನ್ನು ತೋರಿಸಿ, ಹಳೆಯ ಮೊಸಾಯಿಕ್ ನೆಲವನ್ನು ಕೀಳದೆ ಅದರ ಮೇಲೆಯೇ ಅಂಟಿನಿಂದ ಟೈಲ್ಸ್ ಕೂರಿಸಿದ್ದಾರೆ ಎಂದರು. ಅದು ದೋಷವಲ್ಲ, ಸರಿಯಾಗಿ ಮಾಡಿದರೆ ಬಾಳಿಕೆ ಬರುತ್ತದೆ. ಆದರೆ ಹಳೆಯ ನೆಲವನ್ನು ಕೀಳದೇ ಇದ್ದುದರಿಂದ ಕೀಳುವ ಖರ್ಚನ್ನು ನಾವು ಕೊಡಬೇಕಾಗಿಲ್ಲ. ಸ್ನಾನದ ಮನೆಯಲ್ಲಿ ಮಾತ್ರ ಇದೇ ವಿಧಾನ ತೊಂದರೆ ತಂದಿತ್ತು. ಸ್ನಾನದ ಮನೆಯ ನೆಲ ಕೋಣೆಯ ನೆಲಕ್ಕಿಂತ ತಗ್ಗಿನಲ್ಲಿರಬೇಕು. ಮೇಲಿನ ಮಹಡಿಯಲ್ಲಿ ಟೈಲ್ಸ್ ಮೇಲೆ ಟೈಲ್ಸ್ ಕೂರಿಸಿದ್ದರಿಂದ ಎರಡೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದಿದ್ದವು. ಬಕೆಟ್ಟಿನಲ್ಲಿ ನೀರು ಸುರಿದು ನೋಡಿದಾಗ ಅದು ಜಾಲರಿಯ ಕಡೆಗೆ ಹೋಗದೆ ಹೊಸ್ತಿಲ ಹತ್ತಿರ ನಿಂತಿತು.

ಮರದ ವಿಷಯದಲ್ಲಿ ಸಂತೋಷದ ಸುದ್ದಿ. ಮುಖ್ಯ ಬಾಗಿಲೂ ಒಳಗಿನ ಚೌಕಟ್ಟುಗಳೂ ಹಳೆಯವೇ, ಹೊನ್ನೆ ಮತ್ತು ಮತ್ತಿಯ ಮರ. ಮೇಸ್ತ್ರಿ ಪ್ರತಿಯೊಂದರ ಬುಡವನ್ನೂ ಉಳಿಯ ಹಿಡಿಯಿಂದ ಬಡಿದು ನೋಡಿ ತಲೆಯಾಡಿಸಿದರು. ಇಂಥ ಮರ ಇಂದು ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಮಾರುವವರು ತಮ್ಮ ಕೆಲಸದ ಪಟ್ಟಿಯಲ್ಲಿ ಇದನ್ನು ಹೇಳಿಕೊಂಡಿರಲಿಲ್ಲ. ಮನೆಯ ಅತ್ಯುತ್ತಮ ಭಾಗ ಅವರು ಮುಟ್ಟದೆ ಬಿಟ್ಟ ಭಾಗವಾಗಿತ್ತು.

ಹಾಲ್‌ನ ಮೇಲ್ಛಾವಣಿಯನ್ನು ನೋಡುವುದು ಹೇಗೆ ಎಂಬುದು ದೊಡ್ಡ ಪ್ರಶ್ನೆಯಾಗಿತ್ತು, ಏಕೆಂದರೆ ಅದು ಪೂರ್ತಿಯಾಗಿ ಜಿಪ್ಸಮ್ ಹಲಗೆಯ ಹಿಂದೆ ಮರೆಯಾಗಿತ್ತು. ಎದುರು ಮನೆಯ ಹಿರಿಯರು ಹೇಳಿದ ಸೋರಿಕೆಯ ಮಾತು ನನ್ನ ತಲೆಯಲ್ಲೇ ಇತ್ತು. ಮಾರುವವರ ಕಡೆಯವರನ್ನು ಕರೆದು, ಹಲಗೆಯನ್ನು ಒಡೆಯುವುದು ಬೇಡ, ಎರಡು ಡೌನ್‌ಲೈಟ್‌ಗಳನ್ನು ಅವುಗಳ ರಂಧ್ರದಿಂದ ಇಳಿಸಿಕೊಟ್ಟರೆ ಸಾಕು, ಮತ್ತೆ ಹಾಗೆಯೇ ಕೂರಿಸುತ್ತೇವೆ ಎಂದು ಕೇಳಿಕೊಂಡೆವು. ಮೊದಲು ಒಪ್ಪಲಿಲ್ಲ. ನೋಡದೆ ಬೆಲೆ ಹೇಳುವುದು ನಮ್ಮಿಂದಾಗದು ಎಂದ ಮೇಲೆ ಒಪ್ಪಿದರು. ಏಣಿ ಹತ್ತಿ, ರಂಧ್ರದಲ್ಲಿ ಮೊಬೈಲು ತೂರಿಸಿ, ಟಾರ್ಚ್ ಹಾಕಿ ವಿಡಿಯೊ ತೆಗೆದೆವು. ಒಂದು ಕಡೆ ಮೋಲ್ಡು ಒಣಗಿ ಸ್ವಚ್ಛವಾಗಿತ್ತು. ಇನ್ನೊಂದು ಕಡೆ, ಮೇಲಿನ ಸ್ನಾನದ ಮನೆಯ ಸರಿ ಕೆಳಗೆ, ಸುಮಾರು ಒಂದು ಚಾಪೆಯಷ್ಟು ಜಾಗದಲ್ಲಿ ಕಾಂಕ್ರೀಟ್ ಉದುರಿ ಕಂಬಿಗಳು ಕಾಣುತ್ತಿದ್ದವು. ಕಂಬಿಗಳ ಮೇಲೆ ತುಕ್ಕಿನ ಪದರ ಎದ್ದಿತ್ತು.

ಭಾವನವರು ಆ ವಿಡಿಯೊವನ್ನು ಮತ್ತೆ ಮತ್ತೆ ನೋಡಿ, ಹೆದರುವಂಥದ್ದಲ್ಲ, ಆದರೆ ಬಿಡುವಂಥದ್ದೂ ಅಲ್ಲ ಎಂದರು. ಕಂಬಿ ಸವೆದು ಸಣ್ಣಗಾಗಿಲ್ಲ, ಮೇಲ್ಪದರ ಮಾತ್ರ ತುಕ್ಕು ಹಿಡಿದಿದೆ. ಅದನ್ನು ಉಜ್ಜಿ, ತುಕ್ಕುನಿರೋಧಕ ಬಳಿದು, ಪಾಲಿಮರ್ ಗಾರೆಯಿಂದ ತುಂಬಬೇಕು. ಮೇಲಿನ ಸ್ನಾನದ ಮನೆಯ ನೆಲವನ್ನು ಮೋಲ್ಡಿನವರೆಗೂ ಬಿಡಿಸಿ ಹೊಸದಾಗಿ ವಾಟರ್‌ಪ್ರೂಫಿಂಗ್ ಮಾಡದೆ ಕೆಳಗಿನ ಕೆಲಸಕ್ಕೆ ಅರ್ಥವಿಲ್ಲ. ತಾರಸಿಯಲ್ಲೂ ನೀರು ಹೋಗುವ ಇಳಿಜಾರು ಸರಿಪಡಿಸಬೇಕು. ಇದರ ಜೊತೆಗೆ ಇನ್ನೊಂದು ವಿಷಯ ಗಮನಕ್ಕೆ ಬಂತು. ಕೆಳಮಹಡಿಯ ವೈರಿಂಗ್ ಹೊಸದು, ಎಂಸಿಬಿ ಪೆಟ್ಟಿಗೆಯೂ ಹೊಸದು. ಮೇಲಿನ ಮಹಡಿಯಲ್ಲಿ ಸ್ವಿಚ್ ಫಲಕಗಳು ಮಾತ್ರ ಹೊಸವಾಗಿ, ಗೋಡೆಯೊಳಗಿನ ತಂತಿ ಹಳೆಯದೇ ಉಳಿದಿತ್ತು. ಎರಡು ಗೀಸರ್, ಇಂಡಕ್ಷನ್ ಒಲೆ, ಎಸಿಗೆ ಬಿಟ್ಟ ಜಾಗ, ಇಷ್ಟೆಲ್ಲ ಇರುವ ಮನೆಯ ವಿದ್ಯುತ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎರಡು ಕಿಲೋವ್ಯಾಟ್ ಎಂದಿತ್ತು. ಎಲ್ಲ ಸೇರಿ ನಾವು ಮಾಡಿಸಲೇಬೇಕಾದ ಕೆಲಸಕ್ಕೆ ಗುತ್ತಿಗೆದಾರರು ಬರೆದುಕೊಟ್ಟ ಅಂದಾಜು 4 ಲಕ್ಷ 30 ಸಾವಿರ.

ಈಗ ನವೀಕರಣದ ಬೆಲೆ. ಮಾರುವವರು 26 ಲಕ್ಷ ಖರ್ಚು ಮಾಡಿದ್ದೇವೆಂದು ಪಟ್ಟಿ ಕೊಟ್ಟಿದ್ದರು. ಆ ಪಟ್ಟಿಯ ಒಂದೊಂದು ಸಾಲನ್ನೂ ಇಟ್ಟುಕೊಂಡು ನಾವು ಕೇಳಿಕೊಂಡ ಪ್ರಶ್ನೆ ಒಂದೇ: ಈ ಕೆಲಸ ಆಗಿರದಿದ್ದರೆ ನಾವು ನಮ್ಮ ಹಣ ಹಾಕಿ ಇದನ್ನು ಮಾಡಿಸುತ್ತಿದ್ದೆವೇ? ಹಳೆಯ ಜಿಐ (ಸತು ಲೇಪಿತ ಕಬ್ಬಿಣದ) ಪೈಪುಗಳನ್ನು ತೆಗೆದು ಸಿಪಿವಿಸಿ ಪ್ಲಾಸ್ಟಿಕ್ ಪೈಪು ಹಾಕಿದ್ದು, ಕೆಳಗಿನ ವೈರಿಂಗ್, ಕೆಳಗಿನ ಸ್ನಾನದ ಮನೆ, ಸೊಳ್ಳೆ ಪರದೆಯುಳ್ಳ ಯುಪಿವಿಸಿ ಕಿಟಕಿಗಳು, ಸಂಪಿನ ದುರಸ್ತಿ, ಕೆಳಗಿನ ನೆಲದ ಟೈಲ್ಸ್. ಇವುಗಳಿಗೆ ಉತ್ತರ ಹೌದು. ಇಂದು ನಾವೇ ಮಾಡಿಸಿದರೆ ತಗಲುವ ಪೂರ್ಣ ವೆಚ್ಚವನ್ನು, ಎಂದರೆ 8 ಲಕ್ಷ 50 ಸಾವಿರವನ್ನು, ಒಪ್ಪಿಕೊಂಡೆವು. ಅಡುಗೆಮನೆಯ ಕಪಾಟುಗಳು, ವಾರ್ಡ್‌ರೋಬುಗಳು, ಬಣ್ಣ ಇವು ಉಪಯೋಗದ ವಸ್ತುಗಳೇ ಆದರೂ ಬಾಳಿಕೆ ಕಡಿಮೆ. ನಮ್ಮ ಅಮ್ಮನಿಗೆ ಕೈಗೆಟುಕದ ಎತ್ತರದಲ್ಲಿ ಕೂರಿಸಿದ ಕಪಾಟನ್ನು ನಾವಾದರೆ ಹಾಗೆ ಮಾಡಿಸುತ್ತಿರಲಿಲ್ಲ. ಏಳು ಲಕ್ಷದಷ್ಟು ಆಗಿರಬಹುದಾದ ಆ ಕೆಲಸಕ್ಕೆ ಅರ್ಧ, ಮೂರೂವರೆ ಲಕ್ಷ, ಕೊಡುವುದು ನ್ಯಾಯವೆನಿಸಿತು. ಫಾಲ್ಸ್ ಸೀಲಿಂಗ್, ಮುಂಭಾಗದ ಕಲ್ಲಿನ ಹೊದಿಕೆ, ವಾಲ್‌ಪೇಪರ್, ಮೇಲಿನ ಎರಡು ಚದರದ ಕೋಣೆ ಇವುಗಳಿಗೆ ಏನೂ ಇಲ್ಲ. ಒಟ್ಟು 12 ಲಕ್ಷ.

ಏನೂ ಇಲ್ಲ ಎಂಬ ಮಾತು ಕಟುವಾಗಿ ಕೇಳಿಸಬಹುದು. ಆದರೆ ಮಾರುವವರು ಆ ಕೆಲಸಕ್ಕೆ ನಿಜವಾಗಿಯೂ ಹಣ ಸುರಿದಿದ್ದಾರೆ ಎಂಬುದು ನಾವು ಅದನ್ನು ತುಂಬಿಕೊಡುವುದಕ್ಕೆ ಕಾರಣವಾಗಲಾರದು. ಸೀಲಿಂಗಿನ ಬೆಳಕಿನ ಪಟ್ಟಿಗೆ ಮೆಚ್ಚಿ ಹಣ ಕೊಡುವವರು ಇರಬಹುದು, ಅವರಿಗೆ ಮಾರಲಿ. ನಮ್ಮ ಹಣದಲ್ಲಿ ಮುಂದಿನ ಹದಿನೈದು ವರ್ಷ ಕಂತು ಕಟ್ಟುವವರು ನಾವು, ಮೂರು ವರ್ಷದಲ್ಲಿ ಸೊಬಗು ಕಳೆದುಕೊಳ್ಳುವ ವಸ್ತುವಿಗೆ ಹದಿನೈದು ವರ್ಷ ಬಡ್ಡಿ ಕಟ್ಟುವುದನ್ನು ನನ್ನ ಮನಸ್ಸು ಒಪ್ಪಲಿಲ್ಲ.

ಹೀಗೆ ಲಕ್ಷಗಳಲ್ಲಿ ನೆಲ 108, ಕಟ್ಟಡ 12.3, ನವೀಕರಣ 12, ಕಳೆಯಬೇಕಾದದ್ದು 4.3. ನಮ್ಮ ದೃಷ್ಟಿಯಲ್ಲಿ ಆ ಮನೆಯ ಯೋಗ್ಯತೆ 1 ಕೋಟಿ 28 ಲಕ್ಷ.

ಯೋಗ್ಯತೆ ಒಂದು, ಶಕ್ತಿ ಇನ್ನೊಂದು. ಬ್ಯಾಂಕಿನ ಮೌಲ್ಯಮಾಪಕರು 1 ಕೋಟಿ 24 ಲಕ್ಷ ಎಂದು ವರದಿ ಕೊಟ್ಟರು. ರಿಸರ್ವ್ ಬ್ಯಾಂಕಿನ ನಿಯಮದಂತೆ 75 ಲಕ್ಷಕ್ಕಿಂತ ಹೆಚ್ಚಿನ ಗೃಹಸಾಲಕ್ಕೆ ಆಸ್ತಿ ಮೌಲ್ಯದ ಶೇ. 75 ಮಿತಿ, ಮುದ್ರಾಂಕ ಮತ್ತು ನೋಂದಣಿ ಶುಲ್ಕ ಆ ಮೌಲ್ಯಕ್ಕೆ ಸೇರುವುದಿಲ್ಲ. ಹಾಗಾಗಿ ಸಿಗುವ ಸಾಲ 93 ಲಕ್ಷ. ಕರ್ನಾಟಕದಲ್ಲಿ 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ. 5, ನಗರದಲ್ಲಿ ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಶೇ. 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು 2. ಒಟ್ಟು ಶೇ. 7.6. ನಮ್ಮ ಕೈಯಲ್ಲಿದ್ದದ್ದು 52 ಲಕ್ಷ, ಅದರಲ್ಲಿ ದುರಸ್ತಿಯ 4 ಲಕ್ಷ 30 ಸಾವಿರವನ್ನು ಮುಟ್ಟುವಂತಿರಲಿಲ್ಲ. ಕೂಡಿ ಕಳೆದು ನೋಡಿದರೆ ಕ್ರಯದ ಮೊತ್ತ 1 ಕೋಟಿ 30 ಲಕ್ಷದ ಆಸುಪಾಸಿನಲ್ಲೇ ನಿಲ್ಲಬೇಕಾಗಿತ್ತು. ಹೇಳಿದ ಬೆಲೆ ಹೆಚ್ಚಿದಂತೆಲ್ಲ ಬ್ಯಾಂಕು ತನ್ನ ಪಾಲನ್ನು ಹೆಚ್ಚಿಸುವುದಿಲ್ಲ. ಬ್ಯಾಂಕಿನ ಮೌಲ್ಯಕ್ಕಿಂತ ಮೇಲಿನ ಒಂದೊಂದು ರೂಪಾಯಿಯೂ, ಅದರ ಮೇಲಿನ ಶುಲ್ಕದ ಸಮೇತ, ಕೊಳ್ಳುವವರ ಉಳಿತಾಯದಿಂದಲೇ ಹೋಗಬೇಕು. ಅಲಂಕಾರಕ್ಕಾಗಿ ಹೆಚ್ಚು ಕೊಡುವವರು ಇದನ್ನೊಂದು ಬಾರಿ ಕಾಗದದ ಮೇಲೆ ಬರೆದು ನೋಡಬೇಕು ಎಂದು ನನ್ನ ಒತ್ತಾಯದ ಮಾತು.

ಮೊದಲ ಬೇಡಿಕೆಯನ್ನು 1 ಕೋಟಿ 22 ಲಕ್ಷಕ್ಕೆ ಇಟ್ಟೆವು. ಅದಕ್ಕೂ ಒಂದು ಆಧಾರವಿರಲಿ ಎಂದು, ನೆಲಕ್ಕೆ 8,700ರ ದರ ಹಿಡಿದು, ನವೀಕರಣದಲ್ಲಿ ಬಾಳಿಕೆಯ ಕೆಲಸವನ್ನಷ್ಟೇ ಪರಿಗಣಿಸಿ, ಬಂದ ಮೊತ್ತವನ್ನು ಸ್ವಲ್ಪ ಮೇಲಕ್ಕೆ ಸರಿಹೊಂದಿಸಿದೆವು. ಇದನ್ನು ಬಾಯಿಮಾತಿನಲ್ಲಿ ಹೇಳದೆ ಒಂದು ಹಾಳೆಯಲ್ಲಿ ಬರೆದು, ಮೋಲ್ಡಿನ ಚಿತ್ರವನ್ನೂ ನಕ್ಷೆಯ ನಕಲನ್ನೂ ಲಗತ್ತಿಸಿ, ಮಾರುವವರ ಎದುರಿಗೇ ಕೂತು ಕೊಟ್ಟೆವು. ಮಧ್ಯವರ್ತಿಗೆ ಇದು ಇಷ್ಟವಾಗಲಿಲ್ಲ. ಮಾರುವವರು ಹಾಳೆಯನ್ನು ಪೂರ್ತಿ ಓದಿದರು. "ನೀವು ನನ್ನ ಕೆಲಸಕ್ಕೆ ಬೆಲೆಯೇ ಕೊಡ್ತಿಲ್ಲ ಸಾರ್" ಎಂದರು. ಕೊಟ್ಟಿದ್ದೇವೆ, ಪೈಪು, ಕಿಟಕಿ, ಕೆಳಗಿನ ಸ್ನಾನದ ಮನೆ ನಿಜವಾಗಿಯೂ ಒಳ್ಳೆಯ ಕೆಲಸ, ಅದನ್ನು ಹಾಳೆಯಲ್ಲೂ ಬರೆದಿದ್ದೇವೆ ಎಂದೆ. ಅದು ಮುಖಸ್ತುತಿಯಾಗಿರಲಿಲ್ಲ. ಅವರು 1 ಕೋಟಿ 46 ಲಕ್ಷಕ್ಕೆ ಇಳಿದರು.

ಮಾತುಕತೆಯ ನಡುವೆ ಎರಡು ಪ್ರಸ್ತಾಪಗಳು ಬಂದವು, ಎರಡನ್ನೂ ನಾವು ಒಪ್ಪಲಿಲ್ಲ. ಮೊದಲನೆಯದು, 15 ಲಕ್ಷವನ್ನು ನಗದಾಗಿ ಕೊಟ್ಟರೆ ಒಟ್ಟು ಬೆಲೆಯನ್ನು ಇನ್ನಷ್ಟು ಇಳಿಸುತ್ತೇವೆ ಎಂಬುದು. ಅವರ ಕಷ್ಟ ನನಗೆ ಅರ್ಥವಾಗುತ್ತಿತ್ತು: ಹೀಗೆ ಕೊಂಡು ಬೇಗನೆ ಮಾರಿದರೆ ಬರುವ ಲಾಭ ಅವರ ಇತರ ಆದಾಯದ ಜೊತೆ ಸೇರಿ ತೆರಿಗೆಗೆ ಒಳಪಡುತ್ತದೆ. ಆದರೆ ಸ್ಥಿರಾಸ್ತಿಯ ವ್ಯವಹಾರದಲ್ಲಿ 20 ಸಾವಿರ ಮತ್ತು ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ. ಕಾನೂನಿನ ಮಾತು ಹಾಗಿರಲಿ, ಪತ್ರದಲ್ಲಿ ಕಡಿಮೆ ಬರೆಸಿದರೆ ನಾಳೆ ನಾವು ಮಾರುವ ಕಾಲಕ್ಕೆ ನಮ್ಮ ಕೊಂಡ ಬೆಲೆ ಕಡಿಮೆಯೆಂದೇ ಲೆಕ್ಕವಾಗಿ ತೆರಿಗೆಯ ಹೊರೆ ನಮ್ಮ ಮೇಲೆ ಬೀಳುತ್ತದೆ. ಎರಡನೆಯದು, ಮೋಲ್ಡನ್ನೂ ಮೇಲಿನ ಸ್ನಾನದ ಮನೆಯನ್ನೂ ತಾವೇ ರಿಪೇರಿ ಮಾಡಿಸಿಕೊಡುತ್ತೇವೆ, ಬೆಲೆ 1 ಕೋಟಿ 38 ಲಕ್ಷ ಇರಲಿ ಎಂಬುದು. ಮುಚ್ಚಿಹೋಗುವ ಕೆಲಸವನ್ನು ಮಾರುವವರ ಕೈಯಲ್ಲಿ ಮಾಡಿಸಬಾರದೆಂಬುದು ಭಾವನವರ ಖಚಿತ ಅಭಿಪ್ರಾಯ. ಕಂಬಿಯನ್ನು ಎಷ್ಟು ಉಜ್ಜಿದರು, ಏನು ತುಂಬಿದರು ಎಂಬುದು ಬಣ್ಣ ಬಳಿದ ಮೇಲೆ ಮತ್ತೆ ತಿಳಿಯುವುದಿಲ್ಲ. ರಿಪೇರಿಯ ಬದಲು ಬೆಲೆಯನ್ನೇ ಇಳಿಸಿ, ಕೆಲಸ ನಾವೇ ನಿಂತು ಮಾಡಿಸಿಕೊಳ್ಳುತ್ತೇವೆ ಎಂದೆವು.

ನಂತರ ಕೆಲವು ವಾರ ಯಾವ ಸುದ್ದಿಯೂ ಇರಲಿಲ್ಲ. ಮಧ್ಯವರ್ತಿ ಬೇರೆ ಗಿರಾಕಿ ಬಂದಿದ್ದಾರೆ ಎಂದು ಫೋನ್ ಮಾಡಿದರು. ನನ್ನ ಪತ್ನಿಗೆ ಆ ಮನೆಯ ಹಿತ್ತಿಲಿನ ನುಗ್ಗೆ ಮರವೂ ಅಡುಗೆಮನೆಗೆ ಬೀಳುವ ಬೆಳಗಿನ ಬಿಸಿಲೂ ತುಂಬ ಹಿಡಿಸಿದ್ದವು, ಅದನ್ನು ಮುಚ್ಚಿಡುವುದು ನಮಗೆ ಸುಲಭವಾಗಿರಲಿಲ್ಲ. ಆದರೂ ನಮ್ಮ ಹಾಳೆಯಲ್ಲಿದ್ದ ಅಂಕಿಗಳು ಬೇರೆ ಗಿರಾಕಿ ಬಂದ ಮಾತ್ರಕ್ಕೆ ಬದಲಾಗುವಂಥವಾಗಿರಲಿಲ್ಲ. ನಮ್ಮ ಕೊನೆಯ ಮೊತ್ತ 1 ಕೋಟಿ 29 ಲಕ್ಷ, ಪೂರ್ತಿ ಬ್ಯಾಂಕಿನ ಮೂಲಕ, ಸಾಲದ ಮಂಜೂರಾತಿ ಸಿದ್ಧವಿದೆ, ಕರಾರಿನ ದಿನವೇ ಶೇ. 10 ಮುಂಗಡ, ನೋಂದಣಿ 45 ದಿನದೊಳಗೆ ಎಂದು ಬರೆದು ಕಳುಹಿಸಿದೆವು. ಯೋಗ್ಯತೆಗಿಂತ ಒಂದು ಲಕ್ಷ ಹೆಚ್ಚು ಸೇರಿಸಿದ್ದು ಆ ಹೊನ್ನೆ ಮರದ ಬಾಗಿಲುಗಳಿಗಾಗಿ, ಅವುಗಳನ್ನು ನಮ್ಮ ಲೆಕ್ಕದಲ್ಲಿ ಎಲ್ಲೂ ಪ್ರತ್ಯೇಕವಾಗಿ ಹಿಡಿದಿರಲಿಲ್ಲ. ಮಾರುವವರು ಕೊಳ್ಳುವಾಗ ಮಾಡಿದ್ದ ಸಾಲದ ಬಡ್ಡಿ ತಿಂಗಳು ತಿಂಗಳೂ ಏರುತ್ತಿತ್ತು. ಹೇಳಿದ ಬೆಲೆ ದೊಡ್ಡದಾಗಿದ್ದಕ್ಕಿಂತ, ಮಾತಿನಂತೆ ಹಣ ಬರುವುದು ಅವರಿಗೆ ಮುಖ್ಯವಾಗಿತ್ತು ಎಂದು ಆಮೇಲೆ ಅವರೇ ಹೇಳಿದರು. ಒಪ್ಪಿದರು.

ಕರಾರಿನಲ್ಲಿ ವಕೀಲರು ಕೆಲವು ಷರತ್ತುಗಳನ್ನು ಸೇರಿಸಿದರು: ಮಾರುವವರ ಬ್ಯಾಂಕ್ ಸಾಲ ತೀರುವಳಿಯಾಗಿ ಮೂಲ ಪತ್ರಗಳು ನೋಂದಣಿಗೆ ಮೊದಲು ಬರಬೇಕು, ಆಸ್ತಿ ತೆರಿಗೆ, ನೀರು, ವಿದ್ಯುತ್ ಬಾಕಿ ಅವರದ್ದೇ, ಕೂರಿಸಿರುವ ಗೀಸರ್, ಚಿಮಣಿ, ಫ್ಯಾನುಗಳು ಬೆಲೆಯಲ್ಲೇ ಸೇರಿವೆ. ಕೊನೆಯದು ಸಣ್ಣದೆನಿಸಿದರೂ, ಮನೆ ತೋರಿಸುವುದಕ್ಕಾಗಿ ಕೂರಿಸಿದ ವಸ್ತುಗಳು ಬೀಗದ ಕೈ ಕೊಡುವ ದಿನಕ್ಕೆ ಮಾಯವಾಗುವುದುಂಟು. 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಆಸ್ತಿಯಾದ್ದರಿಂದ ಶೇ. 1ರ ಟಿಡಿಎಸ್ (ಮಾರುವವರ ಪರವಾಗಿ ಮೂಲದಲ್ಲೇ ಹಿಡಿಯುವ ತೆರಿಗೆ), 1 ಲಕ್ಷ 29 ಸಾವಿರವನ್ನು, ನಾವೇ ಹಿಡಿದು ಅವರ ಪ್ಯಾನ್ ಸಂಖ್ಯೆಗೆ ಕಟ್ಟಿದೆವು. ಮುದ್ರಾಂಕ ಮತ್ತು ನೋಂದಣಿಗೆ 9 ಲಕ್ಷ 80 ಸಾವಿರ ಹೋಯಿತು.

ಬೀಗದ ಕೈ ಬಂದ ಮೇಲೆ ಮೊದಲು ಮಾಡಿದ ಕೆಲಸ ಹಾಲ್‌ನ ಜಿಪ್ಸಮ್ ಹಲಗೆಯನ್ನು ಪೂರ್ತಿ ಇಳಿಸಿದ್ದು. ಕಂಬಿ ಕಾಣುತ್ತಿದ್ದ ಜಾಗ ವಿಡಿಯೊದಲ್ಲಿ ಕಂಡಷ್ಟೇ ಇತ್ತು, ಪಕ್ಕಕ್ಕೆ ಹರಡಿರಲಿಲ್ಲ. ಮೇಸ್ತ್ರಿ ಮೇಲಿನ ಸ್ನಾನದ ಮನೆಯ ನೆಲವನ್ನು ಮೋಲ್ಡಿನವರೆಗೆ ಬಿಡಿಸಿ, ವಾಟರ್‌ಪ್ರೂಫಿಂಗ್ ಬಳಿದು, ನೀರು ತುಂಬಿ ಮೂರು ದಿನ ನಿಲ್ಲಿಸಿ, ಕೆಳಗೆ ತೇವ ಬಾರದಿರುವುದನ್ನು ನೋಡಿಯೇ ಟೈಲ್ಸ್ ಕೂರಿಸಿದರು, ಈ ಬಾರಿ ಹೊಸ್ತಿಲಿಗಿಂತ ಒಂದೂವರೆ ಇಂಚು ತಗ್ಗಿನಲ್ಲಿ. ಮೇಲಿನ ಶೀಟಿನ ಕೋಣೆಯ ಗೋಡೆಗಳನ್ನು ತೆಗೆಸಿ ಆ ಜಾಗವನ್ನು ಮತ್ತೆ ತಾರಸಿಯಾಗಿ ಬಿಟ್ಟಿದ್ದೇವೆ. ಮೇಲಿನ ವೈರಿಂಗ್ ಮುಗಿದಿದೆ, ಲೋಡ್ ಹೆಚ್ಚಿಸಲು ಸಲ್ಲಿಸಿದ ಅರ್ಜಿಯೂ ಮಂಜೂರಾಗಿದೆ.